‘ಅಂಚು’ ಯಾವುದಕ್ಕೆ? ‘ಪ್ಯಾಡಿಂಗ್’ಗೆ ಏನನ್ನೋಣ?

ಜಾಲಪುಟದ ವಿನ್ಯಾಸದ ಬಗ್ಗೆ ಕನ್ನಡದಲ್ಲಿ ಮಾತಾಡುವಾಗ ಮಾರ್ಜಿನ್ (ಪೆಟ್ಟಿಗೆಯ ಹೊರಗೆ ಬಿಡುವ ಜಾಗ), ಬಾರ್ಡರ್ (ಪೆಟ್ಟಿಗೆಯ ಸುತ್ತಲಿನ ಗೆರೆ), ಪ್ಯಾಡಿಂಗ್ (ಗೆರೆಗೂ ಒಳಗಿನ ಬರಹಕ್ಕೂ ನಡುವಿನ ಜಾಗ) ಮೂರಕ್ಕೂ ‘ಅಂಚು’ ಅಂದುಬಿಡುತ್ತೇವೆ. ನಾನೂ ಹಾಗೇ ಅನ್ನುತ್ತಿದ್ದೆ. ಹೋದ ವಾರ ಅದರಿಂದ ಮುಕ್ಕಾಲು ಗಂಟೆ ಹಾಳಾಯಿತು. ಅದಕ್ಕೇ ಕೇಳುತ್ತಿದ್ದೇನೆ.

ತಿಪಟೂರಿನಲ್ಲಿರುವ ನಮ್ಮ ಚಿಕ್ಕಮ್ಮ ಅಡುಗೆಯ ಬಗ್ಗೆ ಬರೆಯುತ್ತಾರೆ. ಪುಟವನ್ನೂ ಅವರೇ ನೋಡಿಕೊಳ್ಳುತ್ತಾರೆ. ಎಡಕ್ಕೆ ಬರಹ, ಬಲಕ್ಕೆ ಹಳೆಯ ಬರಹಗಳ ಪಟ್ಟಿ. ಬೆಳಗ್ಗೆ ಫೋನ್ ಮಾಡಿ, ‘ಪಕ್ಕದ ಪಟ್ಟಿ ಕೆಳಗೆ ಬಿದ್ದುಹೋಗಿದೆ ಕಣೋ, ಬರಹ ಎಲ್ಲಾ ಮುಗಿದ ಮೇಲೆ ಕಾಣುತ್ತೆ’ ಅಂದರು. ಕಾರಣ ಸುಲಭದ್ದೇ. ಪುಟದ ಒಟ್ಟು ಅಗಲ 960 ಪಿಕ್ಸೆಲ್. ಬರಹಕ್ಕೆ 630, ಪಟ್ಟಿಗೆ 310 ಕೊಟ್ಟಿದ್ದರು. ಬರಹದ ಸುತ್ತ ತೆಳ್ಳಗೆ ಒಂದು ಕೆಂಪು ಗೆರೆ. ಎರಡೂ ಆರಾಮಾಗಿ ಕೂತಿದ್ದವು. ಅಕ್ಷರ ಗೆರೆಗೆ ತಾಗುತ್ತಿದೆ ಅಂತ ಅವರು ಬರಹದ ಪೆಟ್ಟಿಗೆಗೆ ಎಡಬಲ 20–20 ಪ್ಯಾಡಿಂಗ್ ಹಾಕಿದ್ದರು. ಗೆರೆಯೂ ಸೇರಿ ಪೆಟ್ಟಿಗೆ 672 ಆಯಿತು. ಪಟ್ಟಿ ಸೇರಿದರೆ 982. ಜಾಗ ಸಾಲದೆ ಪಟ್ಟಿ ಕೆಳಕ್ಕೆ ಇಳಿಯಿತು.

ನಾನು ‘ಚಿಕ್ಕಮ್ಮ, ಆ ಅಂಚು ತೆಗೀರಿ’ ಅಂದೆ. ಅವರು ಕೆಂಪು ಗೆರೆ ತೆಗೆದರು. ‘ತೆಗೆದೆ, ಆದ್ರೂ ಕೆಳಗೇ ಇದೆ’ ಅಂದರು. ‘ಅದಲ್ಲ, ಸುತ್ತ ಜಾಗ ಬಿಟ್ಟಿದ್ದೀರಲ್ಲ, ಅದು’ ಅಂದೆ. ಮಾರ್ಜಿನ್ ಸೊನ್ನೆ ಮಾಡಿದರು. ಬರಹ ಹೋಗಿ ತಲೆಬರಹಕ್ಕೆ ಅಂಟಿಕೊಂಡಿತು. ಪಟ್ಟಿ ಬಿದ್ದಲ್ಲೇ ಇತ್ತು.

ಚಿಕ್ಕಮ್ಮನದು ಒಂದೂ ತಪ್ಪಿಲ್ಲ. ಸೀರೆಯ ಅಂಚು ಅಂದರೆ ಕಣ್ಣಿಗೆ ಕಾಣುವ ಪಟ್ಟೆ. ಕೆಂಪಂಚಿನ ಸೀರೆ ಅನ್ನುವಾಗ ಖಾಲಿ ಜಾಗದ ಮಾತು ಬರುವುದಿಲ್ಲ, ಅಲ್ವಾ? ಹಾಗಾಗಿ ‘ಅಂಚು’ ಬಾರ್ಡರ್‌ಗೆ ಮಾತ್ರ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಾಲೆಯಲ್ಲಿ ‘ಅಂಚು ಬಿಟ್ಟು ಬರಿ’ ಅನ್ನುತ್ತಿದ್ದದ್ದು ನಿಜ. ಅಲ್ಲಿ ಒಂದೇ ಥರದ ಜಾಗ ಇತ್ತು, ನಡೆಯಿತು. ಇಲ್ಲಿ ಗೆರೆಯ ಒಳಗೊಂದು ಜಾಗ, ಹೊರಗೊಂದು ಜಾಗ.

ಹೊರಗಿನ ಜಾಗಕ್ಕೆ, ಅಂದರೆ ಮಾರ್ಜಿನ್‌ಗೆ, ನನಗೆ ‘ಬದು’ ಹಿಡಿಸಿದೆ. ಸುಮ್ನೆ ಹೇಳುತ್ತಿಲ್ಲ. ಒಂದರ ಕೆಳಗೊಂದು ಎರಡು ಪ್ಯಾರಾ ಇವೆ ಅನ್ನಿ. ಮೇಲಿನದಕ್ಕೆ ಕೆಳಗೆ 20 ಮಾರ್ಜಿನ್, ಕೆಳಗಿನದಕ್ಕೆ ಮೇಲೆ 30. ನಡುವೆ 50 ಬರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬರುವುದು 30 ಮಾತ್ರ. ಎರಡರಲ್ಲಿ ದೊಡ್ಡದು ಉಳಿಯುತ್ತದೆ, ಚಿಕ್ಕದು ಅದರಲ್ಲೇ ಸೇರಿಹೋಗುತ್ತದೆ. ಹೊಸಬರು ಇದನ್ನು ಬ್ರೌಸರ್‌ನ ದೋಷ ಅಂತ ದೂರುತ್ತಾರೆ. ಹೊಲ ನೋಡಿದವರಿಗೆ ಹೇಳಿ ನೋಡಿ: ಅಕ್ಕಪಕ್ಕದ ಎರಡು ಹೊಲಕ್ಕೆ ನಡುವಿನ ಬದು ಒಂದೇ. ತಕ್ಷಣ ಅರ್ಥವಾಗುತ್ತದೆ. ಬದು ದಿಬ್ಬದಂತೆ ಎದ್ದು ಕಾಣುತ್ತದೆ, ಖಾಲಿ ಜಾಗಕ್ಕೆ ಆ ಹೆಸರು ಹೇಗೆ ಅಂತ ಕೇಳಬಹುದು. ಆ ಆಕ್ಷೇಪ ನನಗೂ ಇದೆ. ಆದರೂ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಅಳತೆಯ ಗೊಂದಲಕ್ಕೆ ಮಾತ್ರ ಕನ್ನಡದಲ್ಲಿ ಮಾತು ಸಿದ್ಧವಾಗಿಯೇ ಇದೆ. ಹತ್ತಡಿ ಕೋಣೆ ಬೇಕು ಅಂದರೆ ಮೇಸ್ತ್ರಿ ಮೊದಲು ಕೇಳುವುದು ‘ಒಳ ಅಳತೆಯೋ, ಹೊರ ಅಳತೆಯೋ?’ ಅಂತ. ಒಂಬತ್ತು ಇಂಚಿನ ಗೋಡೆಯಾದರೆ ಒಳಗೆ ಹತ್ತಡಿ ಇದ್ದದ್ದು ಹೊರಗೆ ಹನ್ನೊಂದೂವರೆ ಅಡಿ. ಬ್ರೌಸರ್‌ಗಳ ಹಳೆಯ ಜಗಳವೂ ಇದೇ. 1996ರ ಮೊದಲ ಸಿಎಸ್ಎಸ್ (ಜಾಲಪುಟ ಹೇಗೆ ಕಾಣಬೇಕು ಅಂತ ಬರೆಯುವ ಭಾಷೆ) ಒಳ ಅಳತೆ ಹೇಳಿತು: ಅಗಲ ಅಂದರೆ ಬರಹದ ಅಗಲ, ಪ್ಯಾಡಿಂಗ್ ಮತ್ತು ಅಂಚು ಅದರ ಮೇಲೆ. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಹೊರ ಅಳತೆ ಹಿಡಿಯಿತು. 2001ರಲ್ಲಿ ಬಂದ 6ನೇ ಆವೃತ್ತಿ, ಪುಟ ಯಾವ ನಿಯಮದಂತೆ ಬರೆದದ್ದು ಅಂತ ಹೇಳುವ ಮೊದಲ ಸಾಲು, ಅಂದರೆ ಡಾಕ್‌ಟೈಪ್ ಸರಿಯಾಗಿದ್ದರೆ ಒಳ ಅಳತೆ, ಇಲ್ಲದಿದ್ದರೆ ಹಳೆಯ ಹೊರ ಅಳತೆ ಅಂತ ಎರಡನ್ನೂ ಇಟ್ಟುಕೊಂಡಿತು. ಅದಕ್ಕೇ ಒಂದು ಬ್ರೌಸರ್‌ನಲ್ಲಿ ನೆಟ್ಟಗಿದ್ದ ಪುಟ ಫೈರ್‌ಫಾಕ್ಸ್‌ನಲ್ಲಿ ಮುರಿದು ಬೀಳುತ್ತಿತ್ತು. ಈಗ ಬಾಕ್ಸ್-ಸೈಜಿಂಗ್ ಅನ್ನುವ ಗುಣಕ್ಕೆ ಬಾರ್ಡರ್-ಬಾಕ್ಸ್ ಅಂತ ಬರೆದರೆ ಹೊರ ಅಳತೆ ಸಿಗುತ್ತದೆ. ಚಿಕ್ಕಮ್ಮನಿಗೆ ಕೊನೆಗೆ ಹೇಳಿದ್ದು ಇಷ್ಟೇ: ‘ಅಗಲವನ್ನು ಹೊರ ಅಳತೆ ಮಾಡಿ.’ ಆ ಒಂದು ಸಾಲು ಹಾಕಿದ ಕೂಡಲೇ ಪಟ್ಟಿ ಮೇಲೆ ಬಂತು. ಪ್ಯಾಡಿಂಗ್ ತೆಗೆಯಬೇಕಾಗಿಯೇ ಇರಲಿಲ್ಲ.

ಇದರ ಜೊತೆಗೆ ಇನ್ನೆರಡು ಮಾತು. ‘ಫ್ಲೋಟ್’ ಅನ್ನುವುದಕ್ಕೆ ‘ತೇಲಿಸು’ ಅಂತ ಬರೆಯುವುದನ್ನು ನೋಡಿದ್ದೇನೆ. ಅಲ್ಲಿ ತೇಲುವುದು ಏನೂ ಇಲ್ಲ. ಚಿತ್ರ ಒಂದು ಬದಿಗೆ ಸರಿದು ಅಕ್ಷರಕ್ಕೆ ಜಾಗ ಬಿಡುತ್ತದೆ, ಅಷ್ಟೇ. ಬಸ್ಸಿನಲ್ಲಿ ‘ಸ್ವಲ್ಪ ಒತ್ತರಿಸಿ ಕೂತ್ಕೊಳ್ಳಿ’ ಅನ್ನುತ್ತೇವಲ್ಲ, ಅದೇ ‘ಒತ್ತರಿಸು’ ಸಾಕು. ಉದ್ದದ ಪದವೊಂದು ಪೆಟ್ಟಿಗೆ ದಾಟಿ ಪಕ್ಕದವರ ಜಾಗಕ್ಕೆ ನುಗ್ಗಿದರೆ ‘ಒತ್ತುವರಿ’. ಕೆರೆ ಒತ್ತುವರಿ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಕನ್ನಡದಲ್ಲಿ ಇದು ಜಾಸ್ತಿ. ‘ಹೇಳಿಕೊಡಬೇಕಾಗಿರುವುದರಿಂದ’ ಅನ್ನುವುದು ನಮಗೆ ಒಂದೇ ಪದ. ನಡುವೆ ಖಾಲಿ ಜಾಗ ಇಲ್ಲದೆ ಬ್ರೌಸರ್ ಅದನ್ನು ತಾನಾಗಿ ಮುರಿಯುವುದಿಲ್ಲ.

ಒತ್ತಕ್ಷರದ ತೊಂದರೆಗೂ ಒಂದು ಹೆಸರು ಬೇಕು. ಇಂಗ್ಲಿಷ್ ಅಕ್ಷರ ನೋಡಿ ಮಾಡಿದ ವಿನ್ಯಾಸದಲ್ಲಿ ತಲೆಬರಹಕ್ಕೆ ಬಿಗಿಯಾದ ಎತ್ತರ ಕೊಟ್ಟು, ಮೀರಿದ್ದನ್ನು ಮರೆಮಾಡಿರುತ್ತಾರೆ. ನಮ್ಮ ಒತ್ತು ಕೆಳಗೆ ಇಳಿಯುತ್ತದೆ, ಕತ್ತರಿಸಿ ಹೋಗುತ್ತದೆ. ಚಿಕ್ಕಮ್ಮನ ‘ಅಕ್ಕಿ ರೊಟ್ಟಿ’ ಫೋನಿನಲ್ಲಿ ‘ಅಕಿ ರೊಟಿ’ ಆಗಿತ್ತು. ನೋಡಿ ನಿಜವಾಗಿ ಬೇಸರವಾಯಿತು. ಎತ್ತರದ ಕಟ್ಟು ಬಿಚ್ಚಿ, ಸಾಲಿನ ಎತ್ತರ ಅಕ್ಷರದ ಅಳತೆಯ 1.2 ಪಟ್ಟು ಇದ್ದದ್ದನ್ನು 1.6 ಪಟ್ಟು ಮಾಡಿದೆವು. ಒತ್ತು ಪೂರ್ತಿ ಕಂಡಿತು, ಕೆಳಸಾಲಿನ ಗುಡಿಸಿಗೂ ತಾಗಲಿಲ್ಲ. ಒತ್ತು ಹೀಗೆ ಕತ್ತರಿಸಿ ಹೋಗುವುದನ್ನು ನಾನು ‘ಒತ್ತು ನುಂಗಿದೆ’ ಅನ್ನುತ್ತೇನೆ.

ಉಳಿದದ್ದು ಪ್ಯಾಡಿಂಗ್. ನನಗೆ ಹೊಳೆದದ್ದು ‘ಒಳಸಂದು’. ಚಿಕ್ಕಮ್ಮ ಹೇಳಿದ್ದು ‘ಸಡಿಲ’. ರವಿಕೆ ಹೊಲಿಸುವಾಗ ‘ಒಳಗೆ ಸ್ವಲ್ಪ ಸಡಿಲ ಬಿಡಿ’ ಅನ್ನುತ್ತಾರಂತೆ. ‘ಸಡಿಲ 20’ ಅಂದರೆ ಅವರ ಕೈ ಈಗ ಸರಿಯಾದ ಸಾಲಿಗೇ ಹೋಗುತ್ತದೆ. ಆದರೆ ‘ಸಡಿಲ’ ಅಂದರೆ ಬಿಗಿ ತಪ್ಪಿದ್ದು ಅಂತಲೂ ಆಗುತ್ತದಲ್ಲ, ಅದೇ ಅಳುಕು. ಫೋಟೋಗೆ ಕಟ್ಟು ಹಾಕುವವರು ಚಿತ್ರಕ್ಕೂ ಕಟ್ಟಿಗೂ ನಡುವೆ ಬಿಡುವ ಬಿಳಿ ಜಾಗಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ.