ನಿಕಲ್ ರೇಟ್ ಏರಿದೆ ಅಂತ ಸ್ಟೀಲ್ ಟ್ಯಾಂಕಿಗೆ 6 ಸಾವಿರ ಜಾಸ್ತಿ ಕೇಳ್ತಿದಾರೆ, ನಿಜಾನಾ?

ಪ್ರಶ್ನೆ: ಸಾರ್ ನಮಸ್ಕಾರ, ಅರಸೀಕೆರೆ ಹತ್ರ ನಮ್ದೊಂದು ಸಣ್ಣ ಪನ್ನೀರ್ ಯೂನಿಟ್ಟು. ಹಾಲು ಕಾಯ್ಸೋಕೆ 304 ಸ್ಟೀಲ್ ಟ್ಯಾಂಕ್ ಹಾಸನದಲ್ಲಿ ಆರ್ಡರ್ ಕೊಟ್ಟಿದ್ದೆ, 30 ಕೆಜಿ ಬರತ್ತೆ ಅಂದಿದ್ರು. ಇವಾಗ ಫೋನ್ ಮಾಡಿ ನಿಕಲ್ ಎಲ್ಲಾ ಎಲೆಕ್ಟ್ರಿಕ್ ಕಾರಿನ ಬ್ಯಾಟ್ರಿಗೆ ಹೋಗ್ತಿದೆ, ರೇಟ್ ಏರಿದೆ, 6 ಸಾವಿರ ಜಾಸ್ತಿ ಕೊಡಿ ಅಂತಾರೆ. ಮ್ಯಾಗ್ನೆಟ್ ಹಿಡಿದು ನೋಡಿ ಬೇಕಾದ್ರೆ, ಅಂಟಲ್ಲ, ಒರಿಜಿನಲ್ 304 ಅಂತಾನೂ ಅಂದ್ರು.

ಉತ್ತರ (ಮೆಟಲರ್ಜಿ ಎಂಜಿನಿಯರ್): ಲೆಕ್ಕ ಹಾಕೋಣ ಬನ್ನಿ. 304 ಅಂದ್ರೆ ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್, ಮಿಕ್ಕಿದ್ದು ಹೆಚ್ಚುಕಮ್ಮಿ ಕಬ್ಬಿಣ. ನಿಮ್ 30 ಕೆಜಿ ಟ್ಯಾಂಕಲ್ಲಿ ನಿಕಲ್ ಇರೋದೇ 2.4 ಕೆಜಿ. ಟನ್ನಿಗೆ 16 ಸಾವಿರ ಡಾಲರ್ ಅಂತ ಇಟ್ಕೊಂಡ್ರೂ ಅಷ್ಟೂ ನಿಕಲ್ಲಿಗೆ ಮೂರೂವರೆ ಸಾವಿರ ರೂಪಾಯಿ ಆಸುಪಾಸು. ಇರೋ ನಿಕಲ್ಲಿನ ಬೆಲೇನೇ ಅಷ್ಟಿರುವಾಗ ಅದು "ಏರಿದ್ದಕ್ಕೆ" 6 ಸಾವಿರ ಹೆಂಗಾಗತ್ತೆ ಅಂತ ಅವರನ್ನೇ ಕೇಳಿ. ಕೂಲಿ, ವೆಲ್ಡಿಂಗ್ ಜಾಸ್ತಿ ಆಗಿದ್ರೆ ಅದನ್ನೇ ಹೇಳ್ಲಿ, ಅದು ನ್ಯಾಯ.

ಬ್ಯಾಟ್ರಿ ಕತೆ ಅರ್ಧ ನಿಜ. ಪ್ರಪಂಚದ ನಿಕಲ್ಲಲ್ಲಿ ಮೂರನೇ ಎರಡು ಭಾಗ ಹೋಗೋದು ಸ್ಟೇನ್‌ಲೆಸ್ ಸ್ಟೀಲಿಗೇ, ಬ್ಯಾಟ್ರಿಗೆ ನೂರಕ್ಕೆ ಹದಿನೈದರ ಹತ್ರ, ಉಳಿದದ್ದು ವಿಮಾನದ ಎಂಜಿನ್ ಬ್ಲೇಡು, ನಲ್ಲಿ ಮೇಲಿನ ಪ್ಲೇಟಿಂಗು, ವನಸ್ಪತಿ ಮಾಡೋವಾಗ ಎಣ್ಣೆ ಗಟ್ಟಿ ಮಾಡೋ ಕ್ಯಾಟಲಿಸ್ಟು ಹಿಂಗೆ. ರೇಟ್ ಹುಚ್ಚೆದ್ದಿದ್ದು 2022ರ ಮಾರ್ಚಲ್ಲಿ, ಲೋಹಗಳ ರೇಟ್ ತೀರ್ಮಾನ ಆಗೋ ಲಂಡನ್ ಮೆಟಲ್ ಎಕ್ಸ್‌ಚೇಂಜಲ್ಲಿ ಟನ್ನಿಗೆ 1 ಲಕ್ಷ ಡಾಲರ್ ದಾಟಿ ಅವರು ವ್ಯಾಪಾರನೇ ನಿಲ್ಲಿಸಿ ಆ ದಿನದ ಡೀಲೆಲ್ಲಾ ರದ್ದು ಮಾಡಿದ್ರು (ದುಡ್ಡು ಬಂದೋರಿಗೆ ಹೆಂಗೆ ಉರಿದಿರ್ಬೇಕು ಯೋಚ್ನೆ ಮಾಡಿ). ಆಮೇಲೆ ಇಳೀತು. ಇಂಡೋನೇಷ್ಯಾ 2020ರಲ್ಲಿ ಅದಿರು ಹೊರಗೆ ಕಳ್ಸೋದು ಬಂದ್ ಮಾಡ್ತು, ಚೀನಾ ಕಂಪ್ನಿಗಳು ಅಲ್ಲೇ ಹೋಗಿ ಕುಲುಮೆ ಹಾಕಿದ್ವು, ಇವಾಗ ಗಣಿಯಿಂದ ಬರೋ ನಿಕಲ್ಲಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಡೋನೇಷ್ಯಾದ್ದೇ. ಮಾಲು ಎಷ್ಟು ಹೆಚ್ಚಾಯ್ತು ಅಂದ್ರೆ 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಎಚ್‌ಪಿ ಅನ್ನೋ ದೊಡ್ಡ ಗಣಿ ಕಂಪ್ನಿ ನಿಕಲ್ ವೆಸ್ಟ್ ಅನ್ನೋ ತನ್ನ ನಿಕಲ್ ಘಟಕದ ಕೆಲಸ ನಿಲ್ಲಿಸ್ತು.

ಮ್ಯಾಗ್ನೆಟ್ ಮಾತು ಮಾತ್ರ ನಂಬಬೇಡಿ. 202 ಅಂತ ಇನ್ನೊಂದು ಗ್ರೇಡಿದೆ, ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ, ಅದಕ್ಕೂ ಅಂಟಲ್ಲ. ಅಂಟೋದು 430 ಅನ್ನೋ ಗ್ರೇಡಿಗೆ, ಅದ್ರಲ್ಲಿ ನಿಕಲ್ ಇಲ್ಲ ಅನ್ನಬಹುದು. ಅಸಲಿ 304ನೇ ಬಗ್ಗಿಸಿದ ಅಂಚಲ್ಲಿ ಚೂರು ಎಳೆಯತ್ತೆ. ಹುಳಿ, ಉಪ್ಪು ತಾಗೋ ಜಾಗದಲ್ಲಿ 202 ಬೇಗ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯತ್ತೆ, ಪನ್ನೀರಿಗೆ ಬೇಡ.

ಪ್ರಶ್ನೆ (ಇನ್ನೊಬ್ಬರು): ಸಾರ್ ನನ್ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟ್ರಿಲೂ ನಿಕಲ್ ಇರತ್ತಾ?

ಉತ್ತರ: ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರೋ ಲಿಥಿಯಂ ಬ್ಯಾಟ್ರಿ) ಅಂತಿದ್ರೆ ಇರತ್ತೆ, ಎಲ್‌ಎಫ್‌ಪಿ ಆದ್ರೆ ಇರಲ್ಲ, ಅದು ಕಬ್ಬಿಣ ಮತ್ತೆ ಫಾಸ್ಫೇಟ್. ಚೀನಾದಲ್ಲಿ ಕಾರಿಗೂ ಎಲ್‌ಎಫ್‌ಪಿನೇ ಜಾಸ್ತಿ, ಬ್ಯಾಟ್ರಿಯಿಂದ ನಿಕಲ್ಲಿಗೆ ಅಂದುಕೊಂಡಷ್ಟು ಡಿಮ್ಯಾಂಡ್ ಬರದೇ ಇರೋಕೆ ಅದೂ ಕಾರಣ.

ಪ್ರಶ್ನೆ (ಮತ್ತೊಬ್ಬರು): ನಮ್ ನುಗ್ಗೇಹಳ್ಳಿ ಕಡೆ ಬೈರಾಪುರದ ಗಣಿ ನಿಕಲ್ದಾ?

ಉತ್ತರ: ಅಲ್ಲ ಕಣಣ್ಣ, ಅದು ಕ್ರೋಮೈಟು, ಮೇಲೆ ಹೇಳಿದ 18 ಭಾಗ ಕ್ರೋಮಿಯಂ ಬರೋದು ಅಂಥ ಅದಿರಿಂದ. ನಿಕಲ್ಲಿಗೆ ನಾವು ಹೊರಗಿನ ದೇಶಾನೇ ನಂಬ್ಕೊಂಡಿದೀವಿ. ಒಡಿಶಾದ ಸುಕಿಂದದಲ್ಲಿ ಕ್ರೋಮೈಟ್ ಮೇಲಿನ ಮಣ್ಣಲ್ಲಿ ಇದೆ, ಆದ್ರೆ ಅಂಶ ಕಮ್ಮಿ, ತೆಗೆಯೋದು ಕಷ್ಟ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸಾರ್, ಹಂಗಾದ್ರೆ ಏನ್ ಕೇಳ್ಲಿ ಅವರ ಹತ್ರ?

ಉತ್ತರ: ಶೀಟಿನ ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಅದ್ರಲ್ಲಿ ಯಾವ ಲೋಹ ಎಷ್ಟಿದೆ ಅಂತ ಕಾರ್ಖಾನೆ ಕೊಡೋ ಕಾಗದ) ಕೇಳಿ, ಅದ್ರಲ್ಲಿರೋ ಹೀಟ್ ನಂಬರೂ (ಸ್ಟೀಲ್ ಕರಗಿಸಿದ ಬ್ಯಾಚ್ ನಂಬರು) ಶೀಟ್ ಮೇಲೆ ಪ್ರಿಂಟಾಗಿರೋ ನಂಬರೂ ಒಂದೇನಾ ಅಂತ ಕತ್ತರಿಸೋಕೆ ಮುಂಚೇನೇ ನೋಡಿ. ಬಿಲ್ಲಲ್ಲಿ ಬರೀ "ಎಸ್ಎಸ್" ಅಂತ ಬೇಡ, 304 ಅಂತ ಬರೆಸ್ಕೊಳ್ಳಿ. ಅನುಮಾನ ಇದ್ರೆ ದೊಡ್ಡ ಸ್ಕ್ರ್ಯಾಪ್ ವ್ಯಾಪಾರಿ ಹತ್ರ ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳೋ ಮೆಷಿನ್ನು) ಇರತ್ತೆ, ಒಂದು ತುಂಡು ತಗೊಂಡೋಗಿ ಹಿಡಿಸಿ, ನಿಕಲ್ ಎಷ್ಟು ಅಂತ ಅಲ್ಲೇ ತೋರಿಸತ್ತೆ.