ಚಿನ್ನದ ಅದಿರಿನಲ್ಲಿ ಗುರುತು ಸಿಗದ ಕಣ: ಹೊಸ ಖನಿಜ ಅನ್ನಬೇಕಾದರೆ ಏನೇನು ಬೇಕು?

ಕಲ್ಲುಹೂವು (ಪ್ರಶ್ನೆ)

ಎಂ.ಎಸ್ಸಿ. ಭೂವಿಜ್ಞಾನ, ಕೊನೆಯ ಸೆಮಿಸ್ಟರ್. ಚಿನ್ನ ಇರುವ ಕ್ವಾರ್ಟ್ಸ್ ನಾಳದಿಂದ ಮಾಡಿದ ಪಾಲಿಶ್ ಬ್ಲಾಕ್‌ನಲ್ಲಿ (ಮೇಲ್ಮೈ ನುಣುಪು ಮಾಡಿದ ಅದಿರಿನ ತುಂಡು), ಆರ್ಸೆನೋಪೈರೈಟ್‌ನ (ಕಬ್ಬಿಣ, ಆರ್ಸೆನಿಕ್, ಗಂಧಕ ಇರುವ ಖನಿಜ) ಅಂಚಿಗೆ ಅಂಟಿಕೊಂಡಂತೆ ಸುಮಾರು 15 ಮೈಕ್ರಾನ್ ಅಗಲದ ಬಿಳಿ ಕಣವೊಂದಿದೆ. ಪಕ್ಕದಲ್ಲೇ ಗೆಲೀನಾ (ಸೀಸದ ಸಲ್ಫೈಡ್) ಕೂಡ ಇದೆ. ಎಸ್‌ಇಎಂಗೆ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಜೋಡಿಸಿದ ಇಡಿಎಸ್‌ನಲ್ಲಿ (ಎಕ್ಸ್-ರೇಯ ಶಕ್ತಿ ನೋಡಿ ಮೂಲವಸ್ತು ಗುರುತಿಸುವ ಸಾಧನ), 20 ಕೆವಿ, ಸ್ಟ್ಯಾಂಡರ್ಡ್ (ಸಂಯೋಜನೆ ಗೊತ್ತಿರುವ ಹೋಲಿಕೆ ಮಾದರಿ) ಬಳಸದೆ ಬಂದ ಪರಮಾಣು ಶೇಕಡಾವಾರು ಹೀಗಿದೆ: ಬಿಸ್ಮತ್ 53.5, ಟೆಲ್ಲೂರಿಯಂ 19.5, ಗಂಧಕ 27. ಇದೇ ಮೂರು ಮೂಲವಸ್ತುಗಳಿರುವ ಗೊತ್ತಿರುವ ಖನಿಜಗಳಲ್ಲಿ ಟೆಟ್ರಾಡೈಮೈಟ್‌ಗೆ ಹೊಂದುವುದಿಲ್ಲ, ಜೋಸೈಟ್-ಎಗೂ ಹೊಂದುವುದಿಲ್ಲ.

ಇದು ಹೊಸ ಖನಿಜ ಇರಬಹುದಾ? ಇರಬಹುದಾದರೆ ಮುಂದಿನ ಕೆಲಸ ಯಾವ ಕ್ರಮದಲ್ಲಿ ಮಾಡಬೇಕು? ಹೊಸ ಖನಿಜಗಳನ್ನು ವಿವರಿಸುವುದನ್ನೇ ವೃತ್ತಿ ಮಾಡಿಕೊಳ್ಳಲು ದಾರಿ ಇದೆಯೇ ಅನ್ನುವುದನ್ನೂ ತಿಳಿಸಿ.

ಪ್ರೋಬ್‌ಕೋಣೆ

ಮೊದಲು ಬಕ್ಸನೈಟ್ ನೋಡಿ. ಬಿಸ್ಮತ್ 6, ಟೆಲ್ಲೂರಿಯಂ 2, ಗಂಧಕ 3. ಶೇಕಡಾವಾರು ಲೆಕ್ಕದಲ್ಲಿ 54.5, 18.2, 27.3. ರಷ್ಯಾದ ಕಾಕಸಸ್‌ನ ಬಕ್ಸನ್ ಕಣಿವೆಯಲ್ಲಿರುವ ತಿರ್ನಿಅವುಜ್ ಗಣಿಯಿಂದ ಬಂದು ಒಪ್ಪಿಗೆ ಪಡೆದಿರುವ ಖನಿಜ ಇದು. ನಿಮ್ಮ ಅಂಕಿಗೂ ಇದಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ ಶೇ. 1.3. ಸ್ಟ್ಯಾಂಡರ್ಡ್ ಇಲ್ಲದ ಇಡಿಎಸ್‌ನಲ್ಲಿ ಇಷ್ಟು ತಪ್ಪು ಸಹಜ, ಅದರಲ್ಲೂ ಈ ಮೂಲವಸ್ತುಗಳ ಜೋಡಿಯಲ್ಲಿ.

ಕಾರಣ ಇಷ್ಟು. ಪ್ರತಿ ಮೂಲವಸ್ತುವೂ ತನ್ನದೇ ಶಕ್ತಿಯ ಎಕ್ಸ್-ರೇ ಗೆರೆಗಳನ್ನು ಹೊರಸೂಸುತ್ತದೆ. ಗಂಧಕದ ಕೆ-ಆಲ್ಫಾ ಗೆರೆ 2.31 ಕೆಇವಿ, ಸೀಸದ ಎಂ-ಆಲ್ಫಾ 2.34, ಬಿಸ್ಮತ್‌ನ ಎಂ-ಆಲ್ಫಾ 2.42. ಇಡಿಎಸ್ ಬೇರ್ಪಡಿಸಬಲ್ಲ ಅಂತರವೇ ಸುಮಾರು 0.13 ಕೆಇವಿ. ಅಂದರೆ ಮೂರೂ ಸೇರಿ ಒಂದೇ ಗುಡ್ಡವಾಗಿ ಕಾಣುತ್ತವೆ. ಸಾಫ್ಟ್‌ವೇರ್ ಅದನ್ನು ಲೆಕ್ಕದ ಮೇಲೆ ಹಂಚುತ್ತದೆ. "ಸೀಸ ಇಲ್ಲ" ಎಂದು ವರದಿ ಬಂದಿದ್ದರೂ ನಂಬಬೇಡಿ. 10.55 ಕೆಇವಿ ಹತ್ತಿರ ಸೀಸದ ಎಲ್-ಆಲ್ಫಾ ಇದೆಯೇ ಎಂದು ಕಣ್ಣಿನಿಂದ ನೋಡಿ. ಅದು ಆರ್ಸೆನಿಕ್‌ನ ಕೆ-ಆಲ್ಫಾ ಮೇಲೆಯೇ ಬೀಳುವುದರಿಂದ, ಪಕ್ಕದ ಆರ್ಸೆನೋಪೈರೈಟ್ ಅಲ್ಲೂ ಗೊಂದಲ ಎಬ್ಬಿಸಬಹುದು, ಸೀಸದ ಎಲ್-ಬೀಟಾ (12.6) ಕೂಡ ನೋಡಿ.

ಎರಡನೇ ಅನುಮಾನ ಮಿಶ್ರಣದ್ದು. ಬಿಸ್ಮತ್:ಟೆಲ್ಲೂರಿಯಂ:ಗಂಧಕ ಅನುಪಾತದಲ್ಲಿ, ಇದೇ ಗುಂಪಿನ ಇಂಗೋಡೈಟ್ 50:25:25, ಜೋಸೈಟ್-ಎ 57.1:14.3:28.6. ಎರಡನ್ನೂ ಅರ್ಧರ್ಧ ಸೇರಿಸಿದರೆ 53.6:19.6:26.8. ನಿಮ್ಮ ಅಂಕಿ ಇದಕ್ಕೆ ಬಕ್ಸನೈಟ್‌ಗಿಂತಲೂ ಹತ್ತಿರ! ಈ ಗುಂಪಿನ ಖನಿಜಗಳು ಪದರ ಪದರವಾಗಿ ಒಂದರೊಳಗೊಂದು ಬೆಳೆಯುವುದು ತೀರ ಸಾಮಾನ್ಯ.

ಆದ್ದರಿಂದ ಮುಂದಿನ ಹೆಜ್ಜೆ ಡಬ್ಲ್ಯುಡಿಎಸ್ (ಎಕ್ಸ್-ರೇಗಳನ್ನು ತರಂಗಾಂತರದ ಮೇಲೆ ಇನ್ನೂ ಸೂಕ್ಷ್ಮವಾಗಿ ಬೇರ್ಪಡಿಸುವ ಸಾಧನ) ಇರುವ ಎಲೆಕ್ಟ್ರಾನ್ ಪ್ರೋಬ್. 20 ಕೆವಿ, 20 ನ್ಯಾನೊಆಂಪಿಯರ್, ಕಿರಣ 1 ಮೈಕ್ರಾನ್. ಬಿಸ್ಮತ್, ಟೆಲ್ಲೂರಿಯಂ ಎರಡಕ್ಕೂ ಸಂಶ್ಲೇಷಿತ ಬಿಸ್ಮತ್ ಟೆಲ್ಲೂರೈಡ್ ಸ್ಟ್ಯಾಂಡರ್ಡ್ ಆಗುತ್ತದೆ, ಗಂಧಕಕ್ಕೆ ಪೈರೈಟ್. ಸೆಲೆನಿಯಂ, ಸೀಸ, ಆಂಟಿಮನಿ, ಬೆಳ್ಳಿ, ಕಬ್ಬಿಣ, ಆರ್ಸೆನಿಕ್ ಕೂಡ ಅಳೆಯಿರಿ. ಸೆಲೆನಿಯಂ ಬಿಟ್ಟುಬಿಟ್ಟರೆ ಒಟ್ಟು ಮೊತ್ತವೇ ಕಡಿಮೆ ಬರುತ್ತದೆ. ಪೆಟ್ ಹರಳಿನಲ್ಲಿ (ಪ್ರೋಬ್‌ನೊಳಗೆ ಎಕ್ಸ್-ರೇ ಬೇರ್ಪಡಿಸುವ ಹರಳುಗಳಲ್ಲಿ ಒಂದು) ಗಂಧಕದ ಹಿನ್ನೆಲೆ ಅಳೆಯುವ ಜಾಗ ಸೀಸ ಅಥವಾ ಬಿಸ್ಮತ್ ಗೆರೆಯ ಮೇಲೆ ಬೀಳದಂತೆ ಮೊದಲೇ ಪೂರ್ಣ ಸ್ಕ್ಯಾನ್ ತೆಗೆದು ನೋಡಿ. ಕಣದ ಅಂಚಿನಿಂದ 4-5 ಮೈಕ್ರಾನ್ ದೂರ ಬಿಟ್ಟು ಒಳಭಾಗದಲ್ಲೇ ಅಳೆಯಿರಿ. ಕಬ್ಬಿಣ ಮತ್ತು ಆರ್ಸೆನಿಕ್ ಒಟ್ಟಿಗೇ ಕಾಣಿಸಿಕೊಂಡ ಬಿಂದುವನ್ನು ಕೈಬಿಡಿ, ಅದು ಪಕ್ಕದ ಆರ್ಸೆನೋಪೈರೈಟ್‌ನಿಂದ ಬಂದದ್ದು. ಒಟ್ಟು ಮೊತ್ತ 98.5ರಿಂದ 101.5ರ ನಡುವೆ ಇರಬೇಕು. ಮೃದುವಾದ ಟೆಲ್ಲೂರೈಡ್ ಪಾಲಿಶ್ ಮಾಡುವಾಗ ಗಟ್ಟಿಯಾದ ಆರ್ಸೆನೋಪೈರೈಟ್‌ಗಿಂತ ಹೆಚ್ಚು ಸವೆದು ತಗ್ಗಾಗುತ್ತದೆ. ಆ ತಗ್ಗಿನಲ್ಲಿ ಅಳೆದರೂ ಮೊತ್ತ ಕುಸಿಯುತ್ತದೆ. ಹಾಗಾದಾಗ ಅಂಕಿಯನ್ನು ನೂರಕ್ಕೆ ಹೊಂದಿಸಿ ಬರೆಯುವುದು ಪರಿಹಾರವಲ್ಲ.

ಹರಳುಕೋನ

ಮೇಲಿನವರು ಹೇಳಿದ್ದು ಸರಿ, ಆದರೆ ಪ್ರೋಬ್ ಎಷ್ಟೇ ಚೆನ್ನಾಗಿ ಬಂದರೂ ಈ ಗುಂಪಿನಲ್ಲಿ ರಾಸಾಯನಿಕ ವಿಶ್ಲೇಷಣೆಯೊಂದೇ ಏನನ್ನೂ ಸಾಬೀತು ಮಾಡುವುದಿಲ್ಲ. ಟೆಟ್ರಾಡೈಮೈಟ್ ಬಳಗದ ರಚನೆ ಎರಡು ಬಗೆಯ ಪದರಗಳದ್ದು: ಬರೀ ಬಿಸ್ಮತ್‌ನ ಜೋಡಿ ಪದರ, ಮತ್ತು ಎರಡು ಬಿಸ್ಮತ್, ಮೂರು ಟೆಲ್ಲೂರಿಯಂ-ಗಂಧಕ ಇರುವ ಐದು ಪರಮಾಣುಗಳ ಪದರ. ಐದರ ಪದರ ಒಂದಕ್ಕೆ ಜೋಡಿ ಪದರ ಒಂದಿದ್ದರೆ ಜೋಸೈಟ್ ಸಂಯೋಜನೆ. ಎರಡಕ್ಕೆ ಒಂದಾದರೆ ಇಂಗೋಡೈಟ್. ಐದಕ್ಕೆ ನಾಲ್ಕಾದರೆ ಬಕ್ಸನೈಟ್‌ನ ಅನುಪಾತ. ಪದರಗಳು ಕ್ರಮವಾಗಿ ಮರುಕಳಿಸಿದರೆ ಅದೊಂದು ಖನಿಜ; ಅಡ್ಡಾದಿಡ್ಡಿ ಜೋಡಣೆಯಾದರೆ ಅದೇ ಸಂಯೋಜನೆ ಬಂದರೂ ಅದು ಖನಿಜ ಪ್ರಭೇದವಲ್ಲ. ಎಸ್‌ಇಎಂ ಚಿತ್ರದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಕಣವನ್ನು ಸೂಜಿಯಿಂದ ಕಿತ್ತು ತೆಗೆಯಲು ದಯವಿಟ್ಟು ಹೋಗಬೇಡಿ. ಈ ಪದರಗಳು ಮುಟ್ಟಿದರೆ ಬಾಗುತ್ತವೆ, ಜಾರುತ್ತವೆ. ಎಕ್ಸ್-ರೇ ಚುಕ್ಕೆಗಳು ಗೀಟುಗಳಾಗಿಬಿಡುತ್ತವೆ, ಮತ್ತೆ ಸರಿಪಡಿಸಲು ಬರುವುದಿಲ್ಲ. ಅಯಾನು ಕಿರಣದಿಂದ (ಫಿಬ್) ಬ್ಲಾಕ್‌ನಲ್ಲೇ ಕತ್ತರಿಸಿ ತೆಗೆಸಿ. 100 ನ್ಯಾನೊಮೀಟರ್ ದಪ್ಪದ ಹಾಳೆ ಟಿಇಎಂಗೆ (ಎಲೆಕ್ಟ್ರಾನ್‌ಗಳನ್ನು ತೆಳು ಹಾಳೆಯ ಮೂಲಕ ಹಾಯಿಸಿ ನೋಡುವ ಸೂಕ್ಷ್ಮದರ್ಶಕ), ಅಲ್ಲಿ ಪದರಗಳ ಕ್ರಮ ನೇರವಾಗಿ ಎಣಿಸಬಹುದು. ಕ್ರಮ ಸರಿಯಿದೆ ಎಂದಾದರೆ ಮಾತ್ರ ಉಳಿದ ಭಾಗದಿಂದ 8-10 ಮೈಕ್ರಾನ್ ತುಂಡು ಒಂಟಿ ಹರಳಿನ ಎಕ್ಸ್-ರೇಗೆ. ಅಷ್ಟು ಸಣ್ಣ ತುಂಡಿಗೆ ಮೈಕ್ರೋಫೋಕಸ್ ಮೂಲ ಅಥವಾ ಸಿಂಕ್ರೊಟ್ರಾನ್ ಬೇಕಾಗುತ್ತದೆ. ಕಣದ ಅರ್ಧಭಾಗವನ್ನಾದರೂ ಮುಟ್ಟದೆ ಉಳಿಸಿ, ಯಾಕೆಂದು ಮುಂದಿನ ಉತ್ತರ ಬರೆಯುವವರು ಹೇಳಿಯೇ ಹೇಳುತ್ತಾರೆ.

ಗಡಸುತನದ ಬಗ್ಗೆ ಒಂದು ಲೆಕ್ಕ. ಈ ಬಗೆಯ ಖನಿಜಕ್ಕೆ ವಿಕರ್ಸ್ ಗಡಸುತನ (ವಜ್ರದ ಮೊನೆ ಒತ್ತಿದಾಗ ಬೀಳುವ ಗುಳಿಯಿಂದ ಅಳೆಯುವುದು) 50 ಎಂದುಕೊಳ್ಳಿ. 10 ಗ್ರಾಂ ಭಾರ ಹಾಕಿದರೆ ಗುಳಿಯ ಕರ್ಣ 19 ಮೈಕ್ರಾನ್, ಅಂದರೆ ನಿಮ್ಮ ಕಣಕ್ಕಿಂತ ದೊಡ್ಡದು. 1 ಗ್ರಾಂ ಹಾಕಿದರೂ 6 ಮೈಕ್ರಾನ್. ಅಳೆಯದಿರುವುದೇ ಒಳ್ಳೆಯದು, "ಕಣ ಚಿಕ್ಕದಾದ್ದರಿಂದ ಅಳೆದಿಲ್ಲ" ಎಂದು ಬರೆದರೆ ಸಾಕು. ಸಾಂದ್ರತೆಯನ್ನು ಏಕಕೋಶದ ಗಾತ್ರ ಮತ್ತು ಸೂತ್ರದಿಂದ ಲೆಕ್ಕ ಹಾಕಬಹುದು. ಆದರೆ ಅಪಾರದರ್ಶಕ ಖನಿಜವಾದ್ದರಿಂದ ಪ್ರತಿಫಲನದ ಅಳತೆ ಬೇಕು: 470, 546, 589, 650 ನ್ಯಾನೊಮೀಟರ್, ಈ ನಾಲ್ಕೂ. ಫಿಬ್‌ಗೆ ಕೊಡುವ ಮುನ್ನ, ಪಾಲಿಶ್ ಹಾಳಾಗದಿರುವಾಗಲೇ ಇದನ್ನು ಮುಗಿಸಿಕೊಳ್ಳಿ.

ಟೈಪ್_ಲೊಕಾಲಿಟಿ

ಒಪ್ಪಿಗೆಯ ವಿಷಯ. ಹೊಸ ಖನಿಜಕ್ಕೆ ಮಾನ್ಯತೆ ಕೊಡುವುದು ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಆಯೋಗ. ನಿಗದಿತ ನಮೂನೆಯಲ್ಲಿ ಸಂಯೋಜನೆ, ರಚನೆ, ದೃಕ್ ಗುಣ, ಸಿಕ್ಕಿದ ಜಾಗ, ಜೊತೆಗಿದ್ದ ಖನಿಜಗಳು, ಹೆಸರು ಮತ್ತು ಅದರ ಕಾರಣ, ಮಾದರಿ ಎಲ್ಲಿಟ್ಟಿದ್ದೀರಿ ಎಂಬುದನ್ನೆಲ್ಲ ತುಂಬಿ ಕಳಿಸಬೇಕು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ ಹಾಕಬೇಕು. ಹಾಕಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಖನಿಜವನ್ನು ಒಪ್ಪಬೇಕು. ಹೆಸರಿಗೆ ಪ್ರತ್ಯೇಕ ಮತ, ಅಲ್ಲಿ ಸರಳ ಬಹುಮತ ಸಾಕು. ಒಪ್ಪಿಗೆಯಾದ ಮೇಲೆ ಎರಡು ವರ್ಷದೊಳಗೆ ಪೂರ್ಣ ವಿವರಣೆ ಪ್ರಕಟವಾಗಬೇಕು. ಒಪ್ಪಿಗೆಗೆ ಮುಂಚೆ ಪೋಸ್ಟರ್‌ನಲ್ಲಾಗಲಿ ಪ್ರಬಂಧದಲ್ಲಾಗಲಿ ಹೊಸ ಹೆಸರು ಬಳಸಬೇಡಿ. ಸದ್ಯಕ್ಕೆ "ಹೆಸರಿಲ್ಲದ ಬಿಸ್ಮತ್ ಸಲ್ಫೋಟೆಲ್ಲೂರೈಡ್" ಎಂದಿರಲಿ.

ಮಾದರಿ ಸಾರ್ವಜನಿಕ ಮ್ಯೂಸಿಯಂನಲ್ಲಿ ದಾಖಲಾಗಿರಬೇಕು. ನಿಮ್ಮ ವಿಷಯದಲ್ಲಿ ಆ ಪಾಲಿಶ್ ಬ್ಲಾಕೇ ಹೋಲೋಟೈಪ್, ಅಂದರೆ ಖನಿಜದ ವಿವರಣೆಗೆ ಆಧಾರವಾದ ಮೂಲ ಮಾದರಿ. ಮುಂದೆ ಯಾರಾದರೂ ಮರುಪರೀಕ್ಷೆ ಮಾಡಬೇಕಾದರೆ ಅದರಲ್ಲಿ ಕಣ ಉಳಿದಿರಲೇಬೇಕು. ಕ್ಯಾಟಲಾಗ್ ಸಂಖ್ಯೆ ಬರಲು ತಿಂಗಳುಗಳು ಹಿಡಿಯಬಹುದು, ಈಗಲೇ ಪತ್ರ ಬರೆಯಿರಿ.

ಮರುಪರೀಕ್ಷೆ ಬರೀ ಶಾಸ್ತ್ರಕ್ಕಲ್ಲ. 20ನೇ ಶತಮಾನದ ಆರಂಭದಲ್ಲಿ ಜಿಎಸ್‌ಐನ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಭೂವಿಜ್ಞಾನಿ ಫರ್ಮರ್ ಭಾರತದ ಮ್ಯಾಂಗನೀಸ್ ಅದಿರುಗಳಿಂದ ಹಲವು ಖನಿಜಗಳನ್ನು ಹೆಸರಿಸಿದರು. ಮಧ್ಯಪ್ರದೇಶದ ಕಾಜಲಿಡೊಂಗ್ರಿಯ ಹಾಲಂಡೈಟ್ ಇವತ್ತಿಗೂ ನಿಂತಿದೆ. ಸೀತಾಪರೈಟ್ ಅದಕ್ಕೂ ಮೊದಲೇ ಅಮೆರಿಕದ ಯೂಟಾದಿಂದ ವಿವರಿಸಿದ್ದ ಬಿಕ್ಸ್‌ಬೈಟ್ ಎಂದು ಗೊತ್ತಾಯಿತು. ವ್ರೆಡೆನ್‌ಬರ್ಗೈಟ್ ಅನ್ನುವುದು ಹೌಸ್‌ಮನೈಟ್ ಮತ್ತು ಜಾಕೋಬ್ಸೈಟ್ ಹೆಣೆದುಕೊಂಡ ಮಿಶ್ರಣ, ನಿಮ್ಮ ಕಣದ ಮೇಲಿರುವ ಅನುಮಾನವೂ ಇದೇ. ನಮ್ಮ ಬಾಬಾಬುಡನ್‌ಗಿರಿಯ ಬಾಬಾಬುಡನೈಟ್ (1908, ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್) ಈಗ ಮ್ಯಾಗ್ನೆಸಿಯೊ-ರೀಬೆಕೈಟ್‌ನಲ್ಲಿ ಸೇರಿಹೋಗಿದೆ.

ಕರ್ನಾಟಕದಿಂದ ಉಳಿದುಕೊಂಡ ಹೆಸರುಗಳಲ್ಲಿ ನಿಮ್ಮ ಕೆಲಸಕ್ಕೆ ಹತ್ತಿರದವು ಕೋಲಾರೈಟ್ ಮತ್ತು ರಾಧಾಕೃಷ್ಣೈಟ್. ಎರಡೂ ಕೋಲಾರ ಚಿನ್ನದ ಅದಿರಿನಲ್ಲಿ ಸಿಕ್ಕ ಸೀಸ-ಟೆಲ್ಲೂರಿಯಂ ಕ್ಲೋರೈಡ್‌ಗಳು. ಸೋವಿಯತ್ ಮತ್ತು ಭಾರತೀಯ ವಿಜ್ಞಾನಿಗಳು ಜಂಟಿಯಾಗಿ 1985ರಲ್ಲಿ ಕೆನೇಡಿಯನ್ ಮಿನರಾಲಜಿಸ್ಟ್ ಪತ್ರಿಕೆಯಲ್ಲಿ ವಿವರಿಸಿದರು. ಎರಡನೆಯದು ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರ ಹೆಸರು, ಅದೂ ಅವರು ಬದುಕಿದ್ದಾಗಲೇ. ಬದುಕಿರುವವರ ಹೆಸರಿಡಬಹುದು, ಅವರ ಒಪ್ಪಿಗೆ ಬೇಕು. ನಿಮ್ಮ ಹೆಸರನ್ನು ನೀವೇ ಇಡುವಂತಿಲ್ಲ.

ಗುಡ್ಡಗಾಡು

ಇದೇ ಎಳೆಯಲ್ಲಿ ಇನ್ನೊಂದು ಪ್ರಶ್ನೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ) ಮೇಲೆ ಬಿಳಿ, ಹಸಿರು ಪುಡಿ ಕಟ್ಟಿಕೊಂಡಿರುತ್ತದೆ. ಅದರಲ್ಲಿ ಹೊಸದೇನಾದರೂ ಸಿಕ್ಕರೆ ಲೆಕ್ಕಕ್ಕೆ ಬರುತ್ತದೆಯೇ?

ಟೈಪ್_ಲೊಕಾಲಿಟಿ

ಸಂಸ್ಕರಣೆಗೆ ಮನುಷ್ಯರು ಹಾಕಿದ ರಾಸಾಯನಿಕ ಪಾಲ್ಗೊಂಡು ಹುಟ್ಟಿದ್ದನ್ನು ಖನಿಜ ಎಂದು ಒಪ್ಪುವುದಿಲ್ಲ. ಆ ದಿಬ್ಬಗಳು ಸೈನೈಡ್ ಮತ್ತು ಸುಣ್ಣ ಕಂಡವು, ಹಾಗಾಗಿ ಅಲ್ಲಿಂದ ಪ್ರಸ್ತಾವ ಕಳಿಸಿದರೆ ಗೆಲ್ಲುವುದು ಕಷ್ಟ. ಹಳೆಯ ಸುರಂಗದ ಗೋಡೆಯ ಮೇಲೆ ಬಂಡೆ, ನೀರು, ಗಾಳಿ ಸೇರಿ ತಾನಾಗಿ ಬೆಳೆದದ್ದಾದರೆ ಬೇರೆ ಮಾತು. ಅಂಥವು ಒಪ್ಪಿಗೆ ಪಡೆದಿವೆ.

ಪ್ರೋಬ್‌ಕೋಣೆ

ವೃತ್ತಿಯ ಪ್ರಶ್ನೆ ಉಳಿದುಹೋಯಿತು. "ಹೊಸ ಖನಿಜ ಹುಡುಕುವವರು" ಎಂಬ ಹುದ್ದೆ ನಮ್ಮಲ್ಲಿಲ್ಲ. ಲಾಸ್ ಏಂಜಲೀಸ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಂಥ ಕಡೆ ಸಂಗ್ರಹ ನೋಡಿಕೊಳ್ಳುವ ವಿಜ್ಞಾನಿಗಳು ಈ ಕೆಲಸವನ್ನು ದಶಕಗಟ್ಟಲೆ ಮಾಡುತ್ತಾರೆ. ಇಲ್ಲಿ ಅದು ಅದಿರು ಸಂಶೋಧನೆ ಅಥವಾ ಶಿಲಾವಿಜ್ಞಾನದ ಕೆಲಸದ ಜೊತೆಜೊತೆಗೇ ನಡೆಯಬೇಕು. ಎರಡು ದಾರಿ ನೋಡಿ: ಯುಪಿಎಸ್‌ಸಿಯ ಭೂವಿಜ್ಞಾನಿ ಪರೀಕ್ಷೆ ಬರೆದು ಜಿಎಸ್‌ಐ ಸೇರುವುದು, ಇಲ್ಲವೇ ಪ್ರೋಬ್ ಇರುವ ವಿಭಾಗದಲ್ಲಿ ಪಿಎಚ್.ಡಿ. ಖರಗ್‌ಪುರ ಐಐಟಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲಿ ಪ್ರೋಬ್ ಇದೆ. ಪಿಎಚ್.ಡಿ. ವಿಷಯ ಆರಿಸುವಾಗ ಸ್ಫಟಿಕ ರಚನೆ ಬಿಡಿಸುವುದನ್ನು ಕಲಿಸುವ ಮಾರ್ಗದರ್ಶಕರನ್ನೇ ಹುಡುಕಿ. ಪ್ರೋಬ್ ನಡೆಸುವುದನ್ನು ಕೆಲವು ವಾರಗಳಲ್ಲಿ ಕಲಿಯಬಹುದು, ಎಕ್ಸ್-ರೇ ದತ್ತಾಂಶದಿಂದ ರಚನೆ ಬಿಡಿಸುವುದಕ್ಕೆ ವರ್ಷಗಳು ಬೇಕು. ಇಲ್ಲಿನ ಭೂವಿಜ್ಞಾನ ವಿಭಾಗಗಳಲ್ಲಿ ನಿಜವಾದ ಕೊರತೆ ಇರುವುದೂ ಅದರದ್ದೇ. ರಸಾಯನಶಾಸ್ತ್ರ ವಿಭಾಗದಲ್ಲಿ ಒಂಟಿ ಹರಳಿನ ಯಂತ್ರ ಇದ್ದರೆ ಅಲ್ಲಿನವರ ಜೊತೆ ಈಗಿನಿಂದಲೇ ಕೂತು ಕಲಿಯಿರಿ.

ಸದ್ಯಕ್ಕೆ ಡಬ್ಲ್ಯುಡಿಎಸ್ ಅಂಕಿ ಬಂದ ಮೇಲೆ, ಒಟ್ಟು ಮೊತ್ತಗಳ ಸಮೇತ, ಪ್ರತಿ ಬಿಂದುವಿನ ಪಟ್ಟಿ ಇಲ್ಲಿ ಹಾಕಿ. ಸರಾಸರಿ ಒಂದನ್ನೇ ಹಾಕಬೇಡಿ. ಅಂಕಿಗಳು ಬಕ್ಸನೈಟ್ ಸುತ್ತ ಒಟ್ಟಾಗಿ ನಿಲ್ಲುತ್ತವೋ, ಇಂಗೋಡೈಟ್‌ನಿಂದ ಜೋಸೈಟ್‌ವರೆಗೆ ಗೆರೆಯಂತೆ ಚಾಚಿಕೊಳ್ಳುತ್ತವೋ ನೋಡಿದರೆ, ಫಿಬ್‌ಗೆ ದುಡ್ಡು ಹಾಕಬೇಕೇ ಬೇಡವೇ ಎಂದು ಅಲ್ಲೇ ಹೇಳಬಹುದು.