ಮನಾಲಿಯಿಂದ ಭೂಟಿಯಾ–ಲ್ಯಾಬ್ ಬೆರಕೆ ನಾಯಿಮರಿ ತರಬಹುದಾ? ಸಾಕಿದವರು ಹೇಳಿ

ಆರ್.ಆರ್. ನಗರದ ಅಮ್ಮ: ನಮಸ್ಕಾರ. ನನ್ನ ಮೈದುನ ಮನಾಲಿಗೆ ಟ್ರೆಕ್ಕಿಂಗ್ ಹೋಗಿದ್ದಾನೆ. ಉಳ್ಕೊಂಡಿರೋ ಮನೆಯಲ್ಲಿ ಭೂಟಿಯಾ (ಹಿಮಾಲಯದ ಕಡೆ ಮಂದೆ ಕಾಯೋ ನಾಯಿ)–ಲ್ಯಾಬ್ರಡಾರ್ ಬೆರಕೆ ಮರಿಗಳಿವೆ, 35 ದಿನದವು. ದುಡ್ಡು ಬೇಡ, ಒಂದು ತಗೊಂಡ್ಹೋಗಿ ಅಂತಿದ್ದಾರಂತೆ. ನಮ್ದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಕ್ಕಳಿಗೆ 4 ಮತ್ತು 9 ವರ್ಷ, ಅತ್ತೆಗೆ ಮಂಡಿನೋವು. ವಿಡಿಯೋ ನೋಡಿದಾಗಿನಿಂದ ಮಕ್ಕಳಿಗೆ ಊಟ ಸೇರ್ತಿಲ್ಲ. ಏನ್ ಮಾಡ್ಲಿ?

ಕರಡಿಯ ಅಪ್ಪ: ನಮ್ಮ ನಾಯಿ ಕರಡಿನೂ ಕುಲ್ಲು ಕಡೆಯವನೇ, ಭೂಟಿಯಾ ಬೆರಕೆ. ಈಗ ಆರು ವರ್ಷ, 43 ಕೆ.ಜಿ. ನಮಗೂ ಪುಕ್ಕಟೆ ಅಂತಲೇ ಕೊಟ್ಟಿದ್ದು. ಆ ಪುಕ್ಕಟೆಯ ಲೆಕ್ಕ ಡೈರಿಯಲ್ಲಿದೆ, ಕೇಳಿ. ದಿಲ್ಲಿವರೆಗೆ ಟ್ಯಾಕ್ಸಿ 14,000. ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್, ನಾನೂ ನನ್ನ ಹೆಂಡತಿಯೂ ಫಸ್ಟ್ ಎ.ಸಿ. ಕೂಪೆ (ಇಬ್ಬರು ಮಲಗೋ ಕೋಣೆ) ಪೂರ್ತಿ ನಮಗೇ ಸಿಕ್ಕಿದ್ರೆ ಮಾತ್ರ ನಾಯಿ ಜೊತೆಗೆ, ಇಲ್ಲಾಂದ್ರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ. ಚಾರ್ಟ್ ಬರೋವರೆಗೂ ಜೀವ ಕೈಯಲ್ಲಿ. ನಾಯಿಗೆ ಪಾರ್ಸೆಲ್ ಆಫೀಸಲ್ಲಿ ಬೇರೆ ರಸೀದಿ. ಎರಡು ರಾತ್ರಿ ಇಬ್ಬರೂ ಕಣ್ಣು ಮುಚ್ಚಿಲ್ಲ.

ಮನೆಗೆ ಬಂದ ನಾಲ್ಕನೇ ದಿನ ವಾಂತಿ, ಸಂಜೆಗೆ ರಕ್ತಭೇದಿ. ಪಾರ್ವೋ, ಮರಿಗಳ ಜೀವ ತೆಗೆಯೋ ವೈರಸ್ ರೋಗ. ಆ ವಾಸನೆ ಒಂದ್ಸಲ ಮೂಗಿಗೆ ಹತ್ತಿದ್ರೆ ಮರೆಯಲ್ಲ. ಆರು ದಿನ ಡ್ರಿಪ್, 21,400. ಸೂಜಿ ಚುಚ್ಚೋಕೆ ಬೋಳಿಸಿದ್ದ ಮುಂಗಾಲನ್ನ ಇವತ್ತಿಗೂ ಮುಟ್ಟೋಕೆ ಬಿಡಲ್ಲ. ಎರಡನೇ ವರ್ಷ ಟಿಕ್ ಫೀವರ್ (ಉಣ್ಣೆ ಕಚ್ಚಿ ಬರೋ ಜ್ವರ), ಪ್ಲೇಟ್‌ಲೆಟ್ 32,000ಕ್ಕೆ ಇಳಿದಿತ್ತು. 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ. ಬಾಳೆಹಣ್ಣಿನಲ್ಲಿಟ್ರೆ ಹಣ್ಣು ನುಂಗಿ ಮಾತ್ರೆ ಉಗೀತಿದ್ದ, ಸೋಫಾ ಕೆಳಗೆ ಹನ್ನೊಂದು ಮಾತ್ರೆ ಸಿಕ್ಕಿದ್ವು. ಬೇಸಿಗೆಯಲ್ಲಿ ಎ.ಸಿ. ಅವನ ರೂಮಲ್ಲಿ, ನಾವು ಫ್ಯಾನಲ್ಲಿ. ಇಷ್ಟಾದ್ರೂ ಇನ್ನೊಂದ್ಸಲ ತರ್ತೀರಾ ಅಂದ್ರೆ ನಾಳೆನೇ ಹೊರಡ್ತೀನಿ.

ಸಿರ್ಸಿ ಸೀಮೆಯವ: ನಮ್ಮಲ್ಲಿ ಚಿರತೆ ಬಾಯಿಗೆ ಮೂರು ನಾಯಿ ಹೋದ ಮೇಲೆ ಹಿಮಾಚಲದ ಚಂಬಾ ಕಡೆಯಿಂದ ಗದ್ದಿ ಬೆರಕೆ ತರಿಸಿದ್ದು. ಗದ್ದಿ ಅಂದ್ರೆ ಅಲ್ಲಿನ ಕುರಿಗಾಹಿಗಳ ನಾಯಿ. ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟಿಯೇ ಕಳಿಸಿಕೊಟ್ರು. ಚಿರತೆ ಹಿಡಿಯೋದೇ ಕುತ್ತಿಗೆಯನ್ನಲ್ವಾ. ಈಗ ಕೊಟ್ಟಿಗೆ ಬಾಗಿಲಲ್ಲೇ ಮಲಗ್ತದೆ, ಎರಡು ವರ್ಷದಿಂದ ಒಂದು ಕರುವೂ ಹೋಗಿಲ್ಲ.

ಆದ್ರೆ ಮಳೆ ಮಾರಾಯ್ರೆ! ಆಷಾಢದಲ್ಲಿ ಮೈ ಒಣಗೋದೇ ಇಲ್ಲ. ಮೇಲೆ ಮುಟ್ಟಿದ್ರೆ ಒಣಗಿದ ಹಾಗೆ, ಕೂದಲು ಬಿಡಿಸಿ ನೋಡಿದ್ರೆ ಬುಡದಲ್ಲಿ ಕೀವು. ಬಚ್ಚಲ ಒಲೆ ಎದುರು ಕೂರಿಸಿ ಒಣಗಿಸಿ ಸಾಕಾಗಿ ಕಡೆಗೆ ಮಷಿನ್ ಹಾಕಿ ಪೂರ್ತಿ ಬೋಳಿಸ್ದೆ.

ಕರಡಿಯ ಅಪ್ಪ: ಪೂರ್ತಿ ಬೋಳಿಸಿದ್ರಾ?! ಎರಡು ಪದರದ ಕೂದಲು ಸ್ವಾಮಿ ಅದು, ಚಳಿಗೂ ಅದೇ ಕಂಬಳಿ, ಬಿಸಿಲಿಗೂ ಅದೇ ಕೊಡೆ. ಬೋಳಿಸಿದ್ರೆ ಮೊದಲಿನ ಹಾಗೆ ಬರೋ ಗ್ಯಾರಂಟಿ ಇಲ್ಲ. ಯಾವ ಡಾಕ್ಟರ್ ಹೇಳಿದ್ದು ನಿಮಗೆ?

ಸಿರ್ಸಿ ಸೀಮೆಯವ: ಎ.ಸಿ. ರೂಮಲ್ಲಿ ಕೂತು ಹೇಳೋದು ಸುಲಭ. ನಮ್ಮಲ್ಲಿ ಬಂದು ಒಂದು ಆಷಾಢ ಕಳೀರಿ, ಆಮೇಲೆ ಮಾತಾಡುವ. ಬೆನ್ನ ಮೇಲೆ ಅರ್ಧ ಇನ್ನೂ ಹಂದಿ ಕೂದಲ ಹಾಗೆ ಇದೆ. ದಿನಾ ಸವರೋನು ನಾನು, ನೀವು ಹೇಳೋದೇನೂ ಬೇಡ.

ಬಾಗಲಕೋಟಿ ಹುಲಿ: ನಮ್ಮ ನಾಡಿನ ಹವಾಕ್ಕ ಹುಟ್ಟಿದ ಮುಧೋಳ ನಾಯಿ ಬಿಟ್ಟು ಹಿಮಾಲಯಕ್ಕ ಯಾಕ ಹೊಂಟೀರಿ? ಮುಧೋಳದ ಹತ್ರ ತಿಮ್ಮಾಪುರದಾಗ ಈ ನಾಯೀದ ಸರ್ಕಾರದ ಸಂಶೋಧನಾ ಕೇಂದ್ರನ ಐತಿ. 2016ರಾಗ ಮೀರತ್ತಿಗೆ, ಸೈನ್ಯದ ತರಬೇತಿಗೆ ಮರಿ ಹೋದ್ವು. ಮೈಯಾಗ ಉದ್ದ ಕೂದಲಿಲ್ಲ, ಕೀವಿಲ್ಲ, ಎ.ಸಿ. ಬ್ಯಾಡ. ನಮ್ಮ ಚಿನ್ನಿ ಒಂಬತ್ತ ವರ್ಷದಾಗ ಎರಡ ಸಲ ಡಾಕ್ಟರ್ ಕಡೆ ಹೋಗ್ಯಾಳ, ಅದೂ ಸೂಜಿ ಮಾಡಸಾಕ. ರೊಟ್ಟಿ, ಮಜ್ಜಿಗಿ ಅಷ್ಟ.

ಕರಡಿಯ ಅಪ್ಪ: ನನ್ನ ಭಾವನೂ ಮುಧೋಳ ಸಾಕಿದ್ರು. ಐದಡಿ ಕಾಂಪೌಂಡ್ ಹಾರಿ ಪಕ್ಕದ ಮನೆಯ ಏಳು ಕೋಳಿ ಮುಗಿಸ್ತು. ಕೋಳಿಗೆ 600ರಂತೆ 4,200 ಕಟ್ಟಿದ್ದಾರೆ.

ಬಾಗಲಕೋಟಿ ಹುಲಿ: ಬ್ಯಾಟಿ ನಾಯಿರೀ ಅದು! ದಿನಾ ಬಿಟ್ಟ ಓಡಸಬೇಕ. ನಿಮ್ಮ ಭಾವ ಮನ್ಯಾಗ ಕಟ್ಟಿ ಹಾಕಿ ಟಿ.ವಿ. ನೋಡಿದ್ರ ತಪ್ಪು ನಾಯೀದಲ್ಲ.

ನ್ಯೂಜೆರ್ಸಿ ಸುಬ್ಬಿ: ನಮ್ಮದು ಬರ್ನೀಸ್–ಪೂಡಲ್ ಬೆರಕೆ. ಸ್ವಿಸ್ ಬೆಟ್ಟದ ಅಪ್ಪಟ ಬರ್ನೀಸ್ 7–8 ವರ್ಷಕ್ಕೇ ಹೋಗಿಬಿಡ್ತವೆ, ಕ್ಯಾನ್ಸರ್ ಜಾಸ್ತಿ. ನಮ್ಮನೆಯವರಿಗೆ ಅಲರ್ಜಿ ಬೇರೆ. ಬೆರಕೆಯಾದ್ರೆ ಬಾಳುತ್ತೆ, ಕೂದಲೂ ಉದುರಲ್ಲ ಅಂದ್ರು. ಉದುರುತ್ತೆ! ಸಾರಿನಲ್ಲೂ ಸಿಗುತ್ತೆ. ಮರಿಗೆ 3,200 ಡಾಲರ್, ಆರು ವಾರಕ್ಕೊಮ್ಮೆ ಕಟಿಂಗ್ 140. ಮೂರನೇ ವರ್ಷ ಹಿಂಗಾಲಿನ ಲಿಗಮೆಂಟ್ ಹರಿದು 6,800 ಹೋಯ್ತು, ಆ ವರ್ಷ ಊರಿಗೆ ಬರಲಿಲ್ಲ. ಅಮ್ಮ ಇನ್ನೂ ಆಡ್ಕೋತಾರೆ. ಒಂದು ಮಾತ್ರ, ನಮಗೆ ಮರಿ ಕೊಟ್ಟಾಕೆ 8 ವಾರ ತುಂಬೋವರೆಗೂ ತಾಯಿಯಿಂದ ಬಿಡಿಸಲಿಲ್ಲ. ಕಚ್ಚಿದ್ರೆ ನೋವಾಗುತ್ತೆ ಅನ್ನೋದನ್ನ ಮರಿ ಕಲಿಯೋದೇ ಒಡಹುಟ್ಟಿದವುಗಳ ಜೊತೆ ಅಂತೆ.

ಸಿರ್ಸಿ ಸೀಮೆಯವ: 140 ಡಾಲರ್ ಕಟಿಂಗಿಗೆ! ಅಲ್ಲಿ ಬೋಳಿಸಿದ್ರೆ ಯಾರೂ ಕೇಳೋದಿಲ್ಲ ನೋಡಿ.

ನ್ಯೂಜೆರ್ಸಿ ಸುಬ್ಬಿ: ಬೋಳಿಸಲ್ಲ ರೀ, ಟ್ರಿಮ್. ಮೊದಲು ಓದಿ.

ಆರ್.ಆರ್. ನಗರದ ಅಮ್ಮ: ಎಲ್ಲರಿಗೂ ಥ್ಯಾಂಕ್ಸ್. ಎಂಟು ವಾರದ ವಿಷಯ ಮೈದುನನಿಗೆ ಹೇಳ್ತೀನಿ. ಅತ್ತೆಗೆ ಎಲ್ಲಾ ಓದಿ ಹೇಳಿದೆ, ಅವರದು ಒಂದೇ ಪ್ರಶ್ನೆ: ರಾತ್ರಿ ಬೊಗಳುತ್ತಾ?

ಕರಡಿಯ ಅಪ್ಪ: ಬೊಗಳದೆ? ರಾತ್ರಿಯೆಲ್ಲ ಎದ್ದು ಮಂದೆ ಕಾಯೋ ವಂಶ. ಹಗಲು ಮಲಗಿ ಎರಡು ಗಂಟೆ ರಾತ್ರಿಗೆ ಬಾಲ್ಕನಿಯಲ್ಲಿ ಡ್ಯೂಟಿ ಶುರು. ಅಸೋಸಿಯೇಷನ್‌ನಿಂದ ಬಂದ ಏಳು ಪತ್ರನೂ ಫೈಲಲ್ಲಿಟ್ಟಿದೀನಿ.

ಬಾಗಲಕೋಟಿ ಹುಲಿ: ಅಮ್ಮಾರ, ಮುಧೋಳ ಸುಮ್ನ ಬೊಗಳಂಗಿಲ್ರಿ.

ಕರಡಿಯ ಅಪ್ಪ: ಹೌದು, ಕೋಳಿಗೂ ಗೊತ್ತಾಗಲಿಲ್ಲ.